‘ನಾಳೆ ರಜೆ ಉಂಟಾ ಟೀಚರ್?’: ಮಳೆ ರಜೆ, ಆನ್‌ಲೈನ್ ಪಾಠ ಮತ್ತು ಮನೆಗೆ ಮುಟ್ಟದ ಸುದ್ದಿಯ ಬಗ್ಗೆ ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಶಾಲಾ ಶಿಕ್ಷಣ ಹಾಗೂ ಪದವಿಪೂರ್ವ ವಿಭಾಗದ ಉಪನಿರ್ದೇಶಕರಿಗೆ, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ

ಮಾನ್ಯರೇ,

ಜೂನ್ ಹಿಡಿಯಿತೆಂದರೆ ಕರಾವಳಿಯ ಶಿಕ್ಷಕರ ಫೋನಿಗೆ ರಾತ್ರಿ ಬರುವ ಪ್ರಶ್ನೆ ಒಂದೇ: ‘ನಾಳೆ ರಜೆ ಉಂಟಾ ಟೀಚರ್?’ ರಜೆ ಇದ್ದರೆ ಅದರ ಬೆನ್ನಿಗೇ ಇನ್ನೊಂದು: ‘ಆನ್‌ಲೈನ್ ಕ್ಲಾಸ್ ಉಂಟಾ?’ ಬೆಳಗಾದರೆ ಮೂರನೆಯದು: ‘ಲಿಂಕ್ ಯಾವುದು?’ ಈ ಮೂರಕ್ಕೂ ಉತ್ತರ ಆ ಹೊತ್ತಿಗೆ ಯಾವುದೋ ಒಂದು ಗ್ರೂಪಿನಲ್ಲಿ ಬಿದ್ದೇ ಇರುತ್ತದೆ. ಬೇಕಾದವರಿಗೆ, ಬೇಕಾದ ಹೊತ್ತಿಗೆ, ಓದಲಿಕ್ಕಾಗುವ ರೂಪದಲ್ಲಿ ಸಿಗುವುದಿಲ್ಲ, ಅಷ್ಟೇ. 2020ರಿಂದ ಈಚೆಗೆ ಆನ್‌ಲೈನ್ ಪಾಠ ಮಾಡುವುದು ಹೇಗೆ ಎಂಬ ಬಗ್ಗೆ ಬೇಕಾದಷ್ಟು ತರಬೇತಿ ನಡೆದಿದೆ. ಪಾಠ ಉಂಟೆಂದು ಮನೆಗೆ ಹೇಳುವುದು ಹೇಗೆ ಎಂಬುದನ್ನು ಮಾತ್ರ ಆಯಾ ಶಿಕ್ಷಕರ ವಾಟ್ಸ್ಯಾಪ್ ಚಾಕಚಕ್ಯತೆಗೆ ಬಿಟ್ಟಿದ್ದೇವೆ. ಈ ಕೆಲಸಕ್ಕೆ ಎರಡೂ ಜಿಲ್ಲೆಗಳಲ್ಲಿ ಒಂದೇ ಕ್ರಮ ಇರಬೇಕು, ಅದು ಮೇ ಕೊನೆಯಲ್ಲಿ ಶಾಲೆ ತೆರೆಯುವ ಮುಂಚೆಯೇ ಬರಹದಲ್ಲಿ ಹೊರಡಬೇಕು ಎಂಬುದು ನಮ್ಮ ಕೇಳಿಕೆ.

ಮೊದಲು ರಜೆಯ ಆದೇಶವನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ನಕಲಿ ಆದೇಶ ಓಡಾಡುವುದು ಈಗ ಹೊಸ ಸುದ್ದಿಯಲ್ಲ. ಅದನ್ನು ತಯಾರಿಸಲು ದೊಡ್ಡ ಕೈಚಳಕವೂ ಬೇಡ. ಹಳೆಯ ಅಸಲಿ ಆದೇಶದ ಫೋಟೊ ಎತ್ತಿಕೊಂಡು ದಿನಾಂಕದ ಎರಡು ಅಂಕಿ ಬದಲಿಸಿದರಾಯಿತು; ಮೊಹರು ಅಸಲಿ, ಸಹಿ ಅಸಲಿ, ಕಚೇರಿ ಭಾಷೆಯೂ ಅಸಲಿ. ‘ಸುಳ್ಳು ಸುದ್ದಿ ಹರಡಿದರೆ ಕಠಿಣ ಕ್ರಮ’ ಎಂದು ಎಷ್ಟು ಸಲ ಎಚ್ಚರಿಸಿದರೂ ಇದು ನಿಲ್ಲದಿರುವುದಕ್ಕೆ ಕಾರಣ ಉಂಟು. ಅಸಲಿ ಆದೇಶವೂ ಅದೇ ದಾರಿಯಲ್ಲಿ, ಅದೇ ಓರೆಯಾದ ಫೋಟೊ ರೂಪದಲ್ಲಿ, ಯಾರೋ ಕಳಿಸಿದ ಫಾರ್ವರ್ಡ್ ಆಗಿಯೇ ಮನೆಗೆ ಬರುತ್ತದೆ. ಎರಡರ ಮುಖವೂ ಒಂದೇ ಆದ ಮೇಲೆ ಓದುವವರು ಯಾವುದನ್ನು ನಂಬಬೇಕು?

ಆದೇಶಕ್ಕೆ ಒಂದೇ ಮೂಲ ಇರಲಿ. ಜಿಲ್ಲೆಯ ಅಧಿಕೃತ ಜಾಲತಾಣದ ಒಂದು ಪುಟ ಮತ್ತು ಜಿಲ್ಲಾಡಳಿತದ ಹೆಸರಿನ ಒಂದು ವಾಟ್ಸ್ಯಾಪ್ ಚಾನೆಲ್ ಸಾಕು. ಚಾನೆಲ್ ಒಮ್ಮುಖದ್ದು, ಅದನ್ನು ಅನುಸರಿಸುವವರ ಫೋನ್ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ನಡುವೆ ಯಾರೂ ಶುಭರಾತ್ರಿ ಹೇಳಲಿಕ್ಕಾಗುವುದಿಲ್ಲ. ಶಾಲೆಗಳು ಆದೇಶದ ಫೋಟೊವನ್ನು ಹಂಚಲೇಬಾರದು, ಆ ಪುಟದ ಲಿಂಕನ್ನಷ್ಟೇ ಕಳಿಸಬೇಕು. ಒಂದೇ ಮಳೆಗಾಲ ಇದನ್ನು ಬಿಗಿಯಾಗಿ ಪಾಲಿಸಿದರೆ ‘ಫೋಟೊ ಬಂದರೆ ನಂಬಬೇಡಿ’ ಎಂಬುದು ಪೋಷಕರಿಗೆ ತಾನಾಗಿ ರೂಢಿಯಾಗುತ್ತದೆ.

ಆದೇಶದ ಒಳಗೆ ಏನಿರಬೇಕು ಎಂಬುದೂ ಮುಖ್ಯ. ಅಂಗನವಾಡಿಯಿಂದ ಪಿಯುವರೆಗೆ ಎಂದು ಬರೆದರೆ ಪದವಿ, ಡಿಪ್ಲೊಮಾ, ಐಟಿಐಯವರು ಮತ್ತೆ ಫೋನ್ ಮಾಡುತ್ತಾರೆ. ತಾಲೂಕಿಗಷ್ಟೇ ರಜೆ ಕೊಟ್ಟಾಗ ಗಡಿಯ ಮಕ್ಕಳ ಪಾಡು ಹೇಳುವುದು ಬೇಡ: ಮನೆ ಹೆಬ್ರಿ ತಾಲೂಕು, ಶಾಲೆ ಕಾರ್ಕಳ ತಾಲೂಕು. ರಜೆ ಶಾಲೆ ಇರುವ ಜಾಗಕ್ಕೋ ಮನೆ ಇರುವ ಜಾಗಕ್ಕೋ ಎಂಬ ಒಂದು ಸಾಲು ಸೇರಿಸಿದರೆ ನೂರಾರು ಕರೆ ಉಳಿಯುತ್ತದೆ. ಆ ದಿನ ಆನ್‌ಲೈನ್ ಪಾಠ ಮಾಡಬಹುದೇ, ಮಾಡಿದರೆ ಹಾಜರಿ ಲೆಕ್ಕಕ್ಕುಂಟೇ, ತಪ್ಪಿದ ಪಾಠ ಮುಂದೆ ಶನಿವಾರ ಮಧ್ಯಾಹ್ನ ತುಂಬಿಸಬೇಕೇ ಎಂಬುದೂ ಅದರಲ್ಲೇ ಬರಲಿ. ಈಗ ಇದನ್ನು ಒಂದೊಂದು ಶಾಲೆ ಒಂದೊಂದು ಬಗೆಯಲ್ಲಿ ತಿಳಿದುಕೊಳ್ಳುತ್ತಿದೆ. ಹೊತ್ತಿನ ವಿಷಯಕ್ಕೆ ಬಂದರೆ, ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ ರಾತ್ರಿ 8ರೊಳಗೆ ತೀರ್ಮಾನ ಹೊರಬಿದ್ದರೆ ಒಳ್ಳೆಯದು. ಮಳೆ ರಾತ್ರಿಯಲ್ಲೇ ಜೋರಾಗಿ ಬೆಳಿಗ್ಗೆ ಘೋಷಿಸಲೇಬೇಕಾಗಿ ಬಂದರೆ 6 ಗಂಟೆಯ ಒಳಗಾಗಲಿ. ಏಳೂವರೆಗೆ ಬಂದ ರಜೆ ಮಕ್ಕಳನ್ನು ನಡುದಾರಿಯಲ್ಲಿ ನೆನೆಸುತ್ತದೆ.

ಇನ್ನೊಂದು ಸಣ್ಣ ಮಾತು, ಆದರೆ ಕಿರಿಕಿರಿ ದೊಡ್ಡದು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪತ್ರವನ್ನು ಫೋನಿಗೆ ನಕಲು ಮಾಡಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಹಾಗಾಗಿ ಎಲ್ಲರೂ ಮುದ್ರಿಸಿ, ಸ್ಕ್ಯಾನ್ ಮಾಡಿ, ಪಿಡಿಎಫ್ ಕಳಿಸುತ್ತಾರೆ. ಸ್ಕ್ಯಾನ್ ಆದ ಪಿಡಿಎಫ್‌ನಲ್ಲಿ ಹುಡುಕಲಿಕ್ಕಾಗುವುದಿಲ್ಲ, ದೃಷ್ಟಿದೋಷವಿರುವ ಪೋಷಕರ ಫೋನು ಅದನ್ನು ಓದಿ ಹೇಳುವುದಿಲ್ಲ, ಬೇರೆ ಭಾಷೆಯವರು ಅನುವಾದಕ್ಕೆ ಹಾಕಲೂ ಬರುವುದಿಲ್ಲ. ಎಲ್ಲ ಫೋನುಗಳಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಆರು ಸಾಲಿನ ಸಾದಾ ಪಠ್ಯಕ್ಕೆ ಈ ಯಾವ ತೊಂದರೆಯೂ ಇಲ್ಲ. ಸಹಿ ಇರುವ ಪ್ರತಿ ಕಡತಕ್ಕೆ ಹೋಗಲಿ, ಜನರಿಗೆ ಪಠ್ಯ ಸಿಗಲಿ.

ರಜೆ ಎಂದಾಗ ಎಲ್ಲರೂ ಪೋಷಕರನ್ನೇ ನೆನೆಯುತ್ತಾರೆ. ಎಲ್ಲರಿಗಿಂತ ಮೊದಲು ಸುದ್ದಿ ಬೇಕಾದವರು ಅವರಲ್ಲ. ವ್ಯಾನು, ರಿಕ್ಷಾ, ಬಸ್ಸಿನ ಚಾಲಕರು ಬೆಳಿಗ್ಗೆ ಆರೂವರೆಗೆಲ್ಲ ಹೊರಟಾಗಿರುತ್ತದೆ. ಬಿಸಿಯೂಟದ ಅಡುಗೆಯವರು, ಹಾಸ್ಟೆಲಿನ ವಾರ್ಡನ್, ತರಕಾರಿ ತರುವವರು, ದೂರದಿಂದ ಬಸ್ಸಿನಲ್ಲಿ ಬರುವ ಅತಿಥಿ ಶಿಕ್ಷಕರು ಇವರೆಲ್ಲ ಯಾವ ತರಗತಿಯ ಗ್ರೂಪಿನಲ್ಲೂ ಇರುವುದಿಲ್ಲ. ಪ್ರತಿ ಶಾಲೆಯಲ್ಲೂ ಇವರದ್ದೇ ಒಂದು ಪುಟ್ಟ ಪಟ್ಟಿ ಇರಬೇಕು, ಅದಕ್ಕೆ ಸಂದೇಶ ಸಾಲದು, ಕರೆಯೇ ಹೋಗಬೇಕು. ಹತ್ತು ಹದಿನೈದು ಕರೆ, ಇಪ್ಪತ್ತು ನಿಮಿಷದ ಕೆಲಸ. ಮಾಡುವವರು ಯಾರು ಎಂದು ಹೆಸರು ಬರೆದಿಟ್ಟಿದ್ದರೆ ಮಾತ್ರ ಅದು ಆಗುತ್ತದೆ.

ಈಗ ಗ್ರೂಪುಗಳಿಗೆ ಬರೋಣ. ಸಾಮಾನ್ಯವಾಗಿ ಒಂದು ಮಗುವಿನ ಮನೆಗೆ ತರಗತಿ ಗ್ರೂಪು, ವಿಷಯವಾರು ಗ್ರೂಪು, ವ್ಯಾನಿನ ಗ್ರೂಪು, ಪೋಷಕರೇ ಮಾಡಿಕೊಂಡ ಇನ್ನೊಂದು ಗ್ರೂಪು ಎಲ್ಲ ಸೇರಿರುತ್ತವೆ. ಲಿಂಕ್ ಬಂದ ಐದು ನಿಮಿಷಕ್ಕೆ ಮೂವತ್ತು ‘ಓಕೆ ಮೇಡಂ’, ಹತ್ತು ಕೈಮುಗಿಯುವ ಚಿತ್ರ. ಲಿಂಕ್ ಮೇಲೆ ಹೋಯಿತು, ತಡವಾಗಿ ನೋಡಿದವರಿಗೆ ಸಿಗಲಿಲ್ಲ. ಇದಕ್ಕೆ ಪೋಷಕರನ್ನು ಬೈದು ಪ್ರಯೋಜನವಿಲ್ಲ, ವಿನಯಕ್ಕೆ ಉತ್ತರ ಕೊಟ್ಟದ್ದು ಅವರು. ಸೆಟ್ಟಿಂಗ್ ಬದಲಿಸಬೇಕಾದದ್ದು ನಾವು.

ಶಾಲೆಗೆ ಒಂದು ವಾಟ್ಸ್ಯಾಪ್ ಕಮ್ಯೂನಿಟಿ ಮಾಡಿ, ಅದರ ಕೆಳಗೆ ತರಗತಿ ಗ್ರೂಪುಗಳನ್ನು ಜೋಡಿಸುವುದು ಸದ್ಯಕ್ಕೆ ಕಡಿಮೆ ಖರ್ಚಿನ, ಕೈಗೆಟಕುವ ದಾರಿ. ಕಮ್ಯೂನಿಟಿಯ ಪ್ರಕಟಣೆ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಒಂದೇ ಸಲಕ್ಕೆ ಎಲ್ಲ ತರಗತಿಗೂ ಮುಟ್ಟುತ್ತದೆ, ಅಲ್ಲಿ ಇತರ ಸದಸ್ಯರ ನಂಬರು ಮರೆಯಾಗಿರುತ್ತದೆ. ತರಗತಿ ಗ್ರೂಪಿನಲ್ಲೂ ಬೆಳಿಗ್ಗೆ ‘ಅಡ್ಮಿನ್ ಮಾತ್ರ’ ಎಂದಿಟ್ಟು, ಸಂಜೆ 5ರಿಂದ 7ರವರೆಗೆ ಪ್ರಶ್ನೆಗೆ ತೆರೆದರೆ ಸಾಕು. ಪ್ರತಿ ಗ್ರೂಪಿಗೆ ಕನಿಷ್ಠ ಇಬ್ಬರು ಅಡ್ಮಿನ್ ಇರಲೇಬೇಕು. ಒಬ್ಬರೇ ಇದ್ದು ಅವರ ವರ್ಗಾವಣೆಯಾದರೆ, ಅಥವಾ ಫೋನ್ ನೀರಿಗೆ ಬಿದ್ದರೆ, ಇಡೀ ತರಗತಿಯ ಸಂಪರ್ಕ ಅಲ್ಲಿಗೆ ನಿಂತಿತು. ಕೆಲವು ಶಾಲೆಗಳು ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುತ್ತವೆ. ಅದರಲ್ಲಿ ಪಟ್ಟಿಯೊಂದಕ್ಕೆ 256 ಜನರ ಮಿತಿ ಉಂಟು. ಅದಕ್ಕಿಂತ ಮುಖ್ಯವಾಗಿ, ಶಾಲೆಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದ್ದೇವೆ’ ಎಂದು ಕಚೇರಿ, ‘ಬರಲಿಲ್ಲ’ ಎಂದು ಮನೆ: ಇಬ್ಬರದ್ದೂ ನಿಜ.

ಸಂದೇಶದ ಅಚ್ಚು ಒಂದೇ ಆಗಿರಲಿ. ಉದಾಹರಣೆಗೆ ಹೀಗೆ:

‘ನಾಳೆ, 9ನೇ ತರಗತಿ ಬಿ ವಿಭಾಗ. ಶಾಲೆಗೆ ರಜೆ. ಆನ್‌ಲೈನ್ ಪಾಠ: ಗಣಿತ 10.00–10.40, ಕನ್ನಡ 11.00–11.40. ಲಿಂಕ್: ಎಂದಿನದೇ, ಗ್ರೂಪಿನ ವಿವರಣೆಯಲ್ಲಿ ಉಂಟು. ಬೇಕಾದದ್ದು: ಗಣಿತ ನೋಟ್ ಪುಸ್ತಕ. ಕರೆಂಟ್ ಅಥವಾ ನೆಟ್ ಇಲ್ಲದಿದ್ದರೆ ಪಾಠದ ಧ್ವನಿ ಸಂದೇಶ ಸಂಜೆ 6ಕ್ಕೆ ಬರುತ್ತದೆ, ಗೈರುಹಾಜರಿ ಹಾಕುವುದಿಲ್ಲ. ಇದಕ್ಕೆ ಉತ್ತರಿಸುವುದು ಬೇಡ.’

ಕೊನೆಯ ಎರಡು ವಾಕ್ಯಗಳೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಗೈರುಹಾಜರಿಯ ಹೆದರಿಕೆಗೆ ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದನ್ನು ಈ ಜಿಲ್ಲೆ ನೋಡಿದೆ; 2021ರಲ್ಲಿ ಸುಳ್ಯದ ಕಡೆ ರಸ್ತೆ ಬದಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತ್ತು. ರೆಡ್ ಅಲರ್ಟ್ ದಿನ ಮಕ್ಕಳು ಮನೆಯಲ್ಲಿರಲಿ ಎಂದೇ ರಜೆ ಕೊಡುವುದು. ಹಾಜರಿಗಾಗಿ ಅವರನ್ನು ಹೊರಗೆ ಓಡಿಸಿದರೆ ರಜೆಗೆ ಅರ್ಥವಿಲ್ಲ.

ವಾಟ್ಸ್ಯಾಪ್ ಇಲ್ಲದ ಮನೆಗೆ ಎಸ್ಸೆಮ್ಮೆಸ್. ಇಲ್ಲಿ ಲೆಕ್ಕ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದು ದಾಟಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ ದುಡ್ಡು. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆ: ‘ಕ್ಷೇ’ ಎಂಬುದೊಂದೇ ನಾಲ್ಕು. ‘ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ’ ಎಂದು ಶುರುಮಾಡಿದರೆ 29 ಅಲ್ಲಿಗೇ ಮುಗಿಯಿತು. ಅದರ ಬದಲು ‘ನಾಳೆ ಮಳೆ ರಜೆ. 9ನೇ ತರಗತಿ ಆನ್‌ಲೈನ್ ಪಾಠ 10ಕ್ಕೆ. ಲಿಂಕ್ ಹಳೆಯದೇ.’ ಎಂದರೆ 60ರೊಳಗೆ ಎಲ್ಲ ಹೇಳಿಯಾಗುತ್ತದೆ. ಒಟ್ಟಿಗೆ ನೂರಾರು ಜನರಿಗೆ ಎಸ್ಸೆಮ್ಮೆಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಸಂಸ್ಥೆಯ ಹೆಸರು, ಕಳಿಸುವವರ ಶೀರ್ಷಿಕೆ (ಸಂದೇಶದ ಮೇಲೆ ಕಾಣುವ ಹೆಸರು), ಸಂದೇಶದ ಮಾದರಿ ಮೂರನ್ನೂ ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಲಿಂಕ್ ಸೇರಿಸುವುದಿದ್ದರೆ ಅದನ್ನೂ. ನೋಂದಾಯಿಸಿದ ಮಾದರಿಗಿಂತ ಒಂದು ಪದ ಹೆಚ್ಚುಕಡಿಮೆಯಾದರೂ ಸಂದೇಶ ಸದ್ದಿಲ್ಲದೆ ತಡೆಹಿಡಿಯಲ್ಪಡುತ್ತದೆ. ಮಳೆ ಬರುವ ರಾತ್ರಿ ಇದನ್ನೆಲ್ಲ ಮಾಡಲಿಕ್ಕಾಗದು, ಏಪ್ರಿಲ್‌ನಲ್ಲೇ ಮುಗಿಸಬೇಕು. ಒಂದೊಂದು ಸರ್ಕಾರಿ ಶಾಲೆ ಇದಕ್ಕೆ ಓಡಾಡುವುದು ಆಗದ ಮಾತು. ಜಿಲ್ಲಾಡಳಿತವೇ ಒಂದು ಶೀರ್ಷಿಕೆ ಪಡೆದು ಎಲ್ಲ ಬ್ಲಾಕ್‌ಗಳಿಗೂ ಬಳಸಲು ಕೊಡಲಿ. 2025ರಿಂದ ಸರ್ಕಾರಿ ಸಂದೇಶದ ಶೀರ್ಷಿಕೆಯ ಕೊನೆಯಲ್ಲಿ ‘ಜಿ’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ನಕಲಿ ಗುರುತಿಸಲು ಪೋಷಕರಿಗೆ ಹೇಳಿಕೊಡಬಹುದಾದ ಅತಿ ಸುಲಭದ ಗುರುತು ಅದು.

ಆದರೆ ನಂಬರೇ ತಪ್ಪಿದ್ದರೆ? ದಾಖಲಾತಿಯ ದಿನ ಒಟಿಪಿಗೆಂದು ಕೊಟ್ಟ ನಂಬರು ಎಷ್ಟೋ ಸಲ ಮಾವನದ್ದು, ಪಕ್ಕದ ಮನೆಯವರದ್ದು, ಸೈಬರ್ ಅಂಗಡಿಯವರದ್ದು. ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಸ್ಯಾಟ್ಸ್‌ನ ದಾಖಲೆಯಲ್ಲಿ ಅದೇ ಕುಳಿತಿರುತ್ತದೆ. ರೀಚಾರ್ಜ್ ಮಾಡದೆ ರದ್ದಾದ ನಂಬರನ್ನು ಕಂಪನಿಗಳು ಕನಿಷ್ಠ 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಆಗ ಮಗುವಿನ ಹೆಸರು, ತರಗತಿ, ಲಿಂಕ್ ಎಲ್ಲ ಗುರುತು ಪರಿಚಯವಿಲ್ಲದವರ ಕೈಗೆ ಹೋಗುತ್ತದೆ. ಹಾಗಾಗಿ ಜೂನ್, ಅಕ್ಟೋಬರ್ ಮತ್ತು ಜನವರಿಯಲ್ಲಿ ಒಮ್ಮೊಮ್ಮೆ ನಂಬರು ತಾಳೆನೋಡಬೇಕು. ಚೀಟಿಯಲ್ಲಿ ಬರೆಸಿಕೊಂಡರೆ ಸಾಲದು, ಆ ನಂಬರಿಗೆ ಕರೆ ಮಾಡಿ ಎತ್ತಿದವರು ಯಾರೆಂದು ಕೇಳಬೇಕು. ಪ್ರತಿ ಮಗುವಿಗೆ ಎರಡು ನಂಬರು: ಒಂದು ಹಗಲಲ್ಲಿ ಮನೆಯಲ್ಲಿರುವ ಫೋನಿನದ್ದು, ಇನ್ನೊಂದು ತುರ್ತಿಗೆ.

ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯ ಸುತ್ತಲಿನ ಶಾಲೆಗಳಿಗೆ ಒಂದು ಸೂಚನೆ. ಆಳಸಮುದ್ರಕ್ಕೆ ಹೋದ ಬೋಟಿನಲ್ಲಿರುವ ತಂದೆಗೆ ಎಷ್ಟೋ ದಿನ ಯಾವ ಸಂದೇಶವೂ ಮುಟ್ಟುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಅವರು ಊರಲ್ಲಿರುತ್ತಾರೆ. ನಂಬರು ತಾಳೆನೋಡುವುದು, ಒಪ್ಪಿಗೆ ಪತ್ರಕ್ಕೆ ಸಹಿ, ಪೋಷಕರ ಸಭೆ ಎಲ್ಲವನ್ನೂ ಆ ಎರಡು ತಿಂಗಳಲ್ಲೇ ಇಟ್ಟುಕೊಳ್ಳಿ.

ಗಲ್ಫ್‌ನಲ್ಲಿರುವ ತಂದೆ ತಾಯಿ ಬೇರೆಯೇ ಲೆಕ್ಕ. ಇಲ್ಲಿ ಸಂಜೆ ಏಳೂವರೆ ಎಂದರೆ ದುಬೈಯಲ್ಲಿ ಆರು, ರಿಯಾದ್, ಕುವೈತ್, ದೋಹಾದಲ್ಲಿ ಐದು. ಅಲ್ಲಿ ಕೆಲಸ ಬಿಟ್ಟಿರುವುದೇ ಇಲ್ಲ. ರಾತ್ರಿ ಎಂಟೂವರೆಯ ಸಭೆಗೆ ಅವರು ಸಿಗುತ್ತಾರೆ, ಸೌದಿ ಕಡೆಯವರಿಗೆ ಶುಕ್ರವಾರ ಇನ್ನೂ ಅನುಕೂಲ. ಯುಎಇಯಲ್ಲಿ ವಾಟ್ಸ್ಯಾಪ್ ಕರೆ ನಡೆಯುವುದಿಲ್ಲವಾದ್ದರಿಂದ ಅವರನ್ನು ಸೇರಿಸಬೇಕಾದರೆ ಗೂಗಲ್ ಮೀಟ್ ಅಥವಾ ಝೂಮ್ ಲಿಂಕೇ ಬೇಕು. ಸಭೆಗೆ ಮುಂಚೆ ಇದನ್ನು ಹೇಳಿದರೆ ‘ಕಾಲ್ ಹೋಗ್ತಾ ಇಲ್ಲ’ ಎಂದು ಅರ್ಧ ಗಂಟೆ ಕಳೆಯುವುದು ತಪ್ಪುತ್ತದೆ.

ಭಾಷೆಯ ಬಗ್ಗೆ: ಇಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಮಲಯಾಳಂ, ಉರ್ದು, ಬಂದರು, ಕಟ್ಟಡ ಕೆಲಸಕ್ಕೆ ಬಂದ ಮನೆಗಳಲ್ಲಿ ಹಿಂದಿ, ಒಡಿಯಾ. ಬೀಡಿ ಕಟ್ಟುವ ತಾಯಿಗೆ ಕನ್ನಡದ ಉದ್ದ ಪ್ಯಾರಾ ಓದುವಷ್ಟು ಪುರುಸೊತ್ತಿಲ್ಲ, ಕೈ ಬಿಡುವಿಲ್ಲ. ಅದೇ ಮಾತನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ ನಲವತ್ತು ಸೆಕೆಂಡಿನ ಧ್ವನಿ ಸಂದೇಶವಾಗಿ ಕಳಿಸಿದರೆ ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳುತ್ತಾರೆ. ಒಂದು ನಿಮಿಷದ ಧ್ವನಿ ಸಂದೇಶ ಕಾಲು ಎಂಬಿಯಷ್ಟೂ ಆಗುವುದಿಲ್ಲ, ಕ್ಷೀಣ ಸಿಗ್ನಲ್‌ನಲ್ಲೂ ನುಸುಳಿ ಬರುತ್ತದೆ. ಒಂದೇ ಎಚ್ಚರಿಕೆ: ದಿನಾಂಕ, ಹೊತ್ತು, ಲಿಂಕ್ ಮಾತ್ರ ಬರಹದಲ್ಲೂ ಇರಲಿ. ಧ್ವನಿ ಸಂದೇಶದಲ್ಲಿ ‘ನಾಳೆ’ ಎಂದದ್ದನ್ನು ಮರುದಿನ ಕೇಳಿದವರು ನಾಡಿದ್ದಿಗೆ ಕಾಯುತ್ತಾರೆ.

ತರಗತಿಯ ಒಳಗಿನ ಎಡವಟ್ಟುಗಳಲ್ಲೂ ಅರ್ಧ, ಮುಂಚೆ ಹೇಳದೆ ಇದ್ದುದರಿಂದಲೇ ಆಗುವಂಥವು. ದಿನಕ್ಕೊಂದು ಹೊಸ ಲಿಂಕ್ ಬೇಡ. ತರಗತಿಗೆ ವರ್ಷಕ್ಕೊಂದೇ ಲಿಂಕ್ ಮಾಡಿ ಗ್ರೂಪಿನ ವಿವರಣೆಯಲ್ಲಿಟ್ಟುಬಿಡಿ. ಅದು ಹೊರಗೆ ಸೋರಿದರೆ ಮಾತ್ರ ಬದಲಿಸಿ. ಮಕ್ಕಳು ಸೇರುವಾಗ ಹೆಸರಿನ ಜಾಗದಲ್ಲಿ ಕ್ರಮಸಂಖ್ಯೆ ಮತ್ತು ಹೆಸರು ಇರಬೇಕೆಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ಬಾಗಿಲಲ್ಲಿ ‘ರೆಡ್ಮಿ’, ‘ಅಮ್ಮ’, ‘ಶ್ರೀ ದುರ್ಗಾ ಪ್ರಿಂಟರ್ಸ್’ ಎಂಬ ಹೆಸರುಗಳು ನಿಂತಿರುತ್ತವೆ, ಒಳಗೆ ಬಿಡಬೇಕೋ ಬೇಡವೋ ತಿಳಿಯುವುದಿಲ್ಲ. ಶಿಕ್ಷಕರು ಪರದೆ ಹಂಚಿಕೊಂಡಿರುವಾಗ ಹೊರಗೆ ಕಾಯುವವರು ಕಾಣುವುದೂ ಇಲ್ಲ. ಇನ್ನೊಂದು ಫೋನಿನಿಂದ ಸಹೋದ್ಯೋಗಿಯೊಬ್ಬರು ಬಾಗಿಲು ಕಾಯುವುದೇ ಸರಿ. ವೈಯಕ್ತಿಕ ಖಾತೆಯ ಗೂಗಲ್ ಮೀಟ್ ಗುಂಪು ಕರೆ 60 ನಿಮಿಷಕ್ಕೆ ಮುಗಿಯುತ್ತದೆ, ಉಚಿತ ಝೂಮ್ 40ಕ್ಕೆ. ಹಾಗಾಗಿ 40 ನಿಮಿಷದ ಪಾಠಕ್ಕೆ ಝೂಮ್ ಇಟ್ಟರೆ ಹಾಜರಿ ಕರೆದ ಹೊತ್ತೂ ಅದರಲ್ಲೇ ಕಳೆದುಹೋಗಿ ಕೊನೆಯ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್‌ನ ಶಿಕ್ಷಣ ಆವೃತ್ತಿ ಉಚಿತವಾಗಿಯೇ ಸಿಗುತ್ತದೆ. ಅದಕ್ಕೆ ಸಂಸ್ಥೆಯದೇ ಡೊಮೇನ್, ಅಂದರೆ ಅಂತರ್ಜಾಲದಲ್ಲಿ ಅದರದ್ದೇ ಹೆಸರು, ಬೇಕು. ಇಲಾಖೆ ಮಟ್ಟದಲ್ಲಿ ಒಮ್ಮೆ ಮಾಡಿಕೊಟ್ಟರೆ ಶಿಕ್ಷಕರು ಸ್ವಂತ ಜಿಮೇಲ್ ಬಳಸುವುದು ನಿಲ್ಲುತ್ತದೆ. ಅದರ ‘ಗೂಗಲ್ ಕ್ಲಾಸ್‌ರೂಮ್’ನಲ್ಲಿ ಬಾಕಿ ಉಳಿದ ಕೆಲಸದ ಸಾರಾಂಶ ಪೋಷಕರ ಇಮೇಲ್‌ಗೆ ತಾನಾಗಿ ಹೋಗುವ ಸೌಲಭ್ಯ ಉಂಟು. ಇಮೇಲ್ ತೆರೆದು ನೋಡುವ ಪೋಷಕರು ಎಷ್ಟು ಮಂದಿ ಎಂದು ಕೇಳಬೇಡಿ, ಅದರ ಮೇಲೆ ಭರವಸೆ ಇಡುವಂತಿಲ್ಲ.

ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಮನೆಯಲ್ಲಿ ಇಬ್ಬರು ಮಕ್ಕಳು, ಒಂದೇ ಫೋನು. ಎಲ್ಲರ ವಿಡಿಯೊ ತೆರೆದ ಪಾಠ ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿಗೂ ಮೇಲೆ ತಿನ್ನುತ್ತದೆ. ಬರೀ ಧ್ವನಿಯಾದರೆ ಐವತ್ತು ಎಂಬಿಯೊಳಗೆ. ಮಕ್ಕಳ ವಿಡಿಯೊ ಮುಚ್ಚಿರಲಿ, ಅಣ್ಣ ತಂಗಿಯರ ಪಾಠ ಒಂದೇ ಹೊತ್ತಿಗೆ ಬೀಳದಂತೆ ಪ್ರೌಢಶಾಲೆಗೆ ಬೆಳಿಗ್ಗೆ, ಪ್ರಾಥಮಿಕಕ್ಕೆ ಮಧ್ಯಾಹ್ನ ಎಂದು ಜಿಲ್ಲೆಯೇ ಗೊತ್ತುಮಾಡಲಿ.

ಕರೆಂಟ್ ಹೋಗಿ ಕೆಲವು ಗಂಟೆ ಕಳೆದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಬೆಳ್ತಂಗಡಿ, ಸುಳ್ಯ, ಕಡಬ, ಹೆಬ್ರಿ, ಬೈಂದೂರಿನ ಒಳಭಾಗಕ್ಕೆ ಆಮೇಲೆ ಫೋನಿನಿಂದ ಏನೂ ಮುಟ್ಟದು. ಅಲ್ಲಿಗೆ ಎರಡು ಹಳೆಯ ದಾರಿ ಉಂಟು. ಆಕಾಶವಾಣಿ ಮಂಗಳೂರಿನ 100.3 ಎಫ್‌ಎಂನಲ್ಲಿ ನಿಗದಿತ ಹೊತ್ತಿಗೆ ರಜೆಯ ಘೋಷಣೆ ಬರುವಂತೆ ಜಿಲ್ಲಾಡಳಿತ ಏರ್ಪಾಡು ಮಾಡಬಹುದು. ಹಾಗೆಯೇ ಹಾಲಿನ ಸೊಸೈಟಿ. ಬೆಳಿಗ್ಗೆಯೂ ಸಂಜೆಯೂ ಸುತ್ತಲಿನ ಮನೆಗಳಿಂದ ಯಾರಾದರೊಬ್ಬರು ಅಲ್ಲಿಗೆ ಬಂದೇ ಬರುತ್ತಾರೆ. ಅಲ್ಲಿನ ಹಲಗೆಯಲ್ಲಿ ಶಾಲೆಗೊಂದು ಮೂಲೆ ಸಿಕ್ಕಿದರೆ ಯಾವ ಆ್ಯಪ್‌ಗೂ ಕಡಿಮೆಯಲ್ಲ. ಪಾಠಕ್ಕೆ ಬಾರದ ಮಗುವಿನ ಎದುರು ಬರೀ ‘ಗೈರು’ ಎನ್ನದೆ ಕರೆಂಟ್, ನೆಟ್, ಫೋನ್, ಅನಾರೋಗ್ಯ ಎಂಬ ನಾಲ್ಕು ಕಾರಣಗಳಲ್ಲಿ ಒಂದನ್ನು ಗುರುತಿಸಿದರೆ ಜುಲೈ ಹೊತ್ತಿಗೆ ಯಾವ ಊರಿಗೆ ಯಾವ ದಾರಿ ಬೇಕೆಂಬುದು ಸ್ಪಷ್ಟವಾಗುತ್ತದೆ.

ಖಾಸಗಿತನದ ವಿಷಯದಲ್ಲಿ ಕಟುವಾಗಿಯೇ ಹೇಳಬೇಕು. ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕದ ಮೊದಲ ಪುಟ ಇವನ್ನು ಗ್ರೂಪಿಗೆ ಹಾಕಿ ಎನ್ನುವುದು ನಿಲ್ಲಬೇಕು. ಅಂಕಪಟ್ಟಿ, ಶುಲ್ಕ ಬಾಕಿಯವರ ಪಟ್ಟಿ ಗ್ರೂಪಿಗೆ ಬರಲೇಬಾರದು. ‘ಯಾರ ಮನೆಯಲ್ಲಿ ಫೋನಿಲ್ಲ’ ಎಂದು ವಾಟ್ಸ್ಯಾಪ್ ಪೋಲ್ ಹಾಕುವವರಿದ್ದಾರೆ; ಅದರಲ್ಲಿ ಯಾರು ಏನು ಒತ್ತಿದರೆಂಬುದು ಎಲ್ಲರಿಗೂ ಕಾಣುತ್ತದೆ, ಅಂಥ ಪ್ರಶ್ನೆಗೆ ಗೂಗಲ್ ಫಾರ್ಮ್ ಅಥವಾ ನೇರ ಕರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಪೋಷಕರ ಒಪ್ಪಿಗೆ ಕೇಳುತ್ತದೆ. ಪಾಠದ ರೆಕಾರ್ಡಿಂಗ್‌ನಲ್ಲಿ ಮಕ್ಕಳ ಮುಖ, ಧ್ವನಿ ಬರುವುದಾದರೆ ಅದು ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆದಿರಬೇಕು.

ಶಿಕ್ಷಕರ ಸ್ವಂತ ನಂಬರು ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿಯಾಗಿರುವುದೂ ಸರಿಯಲ್ಲ. ಶಾಲೆಗೊಂದು ಸಿಮ್, ಅದಕ್ಕೊಂದು ಸಾದಾ ಫೋನು, ಉತ್ತರಿಸುವ ಹೊತ್ತು ಫಲಕದಲ್ಲಿ. ಪೋಷಕರ ಪ್ರಶ್ನೆಗೆ ಮರುದಿನದೊಳಗೆ ಉತ್ತರ, ಉತ್ತರ ಕೊಟ್ಟವರ ಹೆಸರು ಒಂದು ಪುಸ್ತಕದಲ್ಲಿ. ಹಾಗೆ ಮಾಡಿದರೆ ರಜೆ ಕೇಳಲು ಯಾರೂ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡುವುದಿಲ್ಲ. ಮರ ಬಿದ್ದವರಿಗೆ, ನೀರು ನುಗ್ಗಿದವರಿಗೆ ಆ ಲೈನ್ ತೆರೆದಿರಬೇಕು.

ನಾವು ಕೇಳುವುದಿಷ್ಟು. ಆದೇಶದ ಮಾದರಿ, ಚಾನೆಲ್ ಮತ್ತು ಎಸ್ಸೆಮ್ಮೆಸ್ ಶೀರ್ಷಿಕೆ ಜಿಲ್ಲಾಡಳಿತದ ಹೊಣೆ. ಸಂದೇಶದ ಅಚ್ಚು, ಪಾಠದ ಹೊತ್ತು, ಡೊಮೇನ್ ಉಪನಿರ್ದೇಶಕರದ್ದು. ನಂಬರು ತಾಳೆ, ಚಾಲಕರ ಹಾಗೂ ಅಡುಗೆಯವರ ಪಟ್ಟಿ, ಇಬ್ಬರು ಅಡ್ಮಿನ್ ಮುಖ್ಯ ಶಿಕ್ಷಕರದ್ದು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೊದಲ ಸಭೆಯಲ್ಲಿ ಈ ಹೊಣೆಗಳನ್ನು ಓದಿ ಹೇಳಲಿ. ಆಮೇಲೆ ಜೂನ್ ಮೊದಲ ವಾರದ ಒಂದು ರಾತ್ರಿ 8ಕ್ಕೆ, ‘ಇದು ಪ್ರಯೋಗದ ಸಂದೇಶ, ನಾಳೆ ಶಾಲೆ ಉಂಟು. ಮುಟ್ಟಿದ್ದರೆ ಶಾಲೆಯ ನಂಬರಿಗೆ ಮಿಸ್ಡ್ ಕಾಲ್ ಕೊಡಿ’ ಎಂಬ ಸಂದೇಶವನ್ನು ಎರಡೂ ಜಿಲ್ಲೆಯಲ್ಲಿ ಕಳಿಸಿ ನೋಡಿ. 9 ಗಂಟೆಯೊಳಗೆ ಮಿಸ್ಡ್ ಕಾಲ್ ಕೊಡದ ಮನೆಗಳ ಪಟ್ಟಿ ಮರುದಿನ ಬೆಳಿಗ್ಗೆ ತರಗತಿ ಶಿಕ್ಷಕರ ಕೈಯಲ್ಲಿರಲಿ. ಆ ಮನೆಗಳಿಗೆ ಸೊಸೈಟಿ ಹಲಗೆಯೋ, ಪಕ್ಕದ ಮನೆಯ ಫೋನೋ, ರೇಡಿಯೊವೋ ಎಂದು ಗೊತ್ತುಮಾಡಲು ಅವರಿಗೆ ಹದಿನೈದು ದಿನದ ಕಾಲಾವಕಾಶ ಕೊಡಿ.

ಇಂತಿ,
ಆನ್‌ಲೈನ್ ತರಗತಿಗಳ ವ್ಯವಸ್ಥೆ ನೋಡಿಕೊಳ್ಳುವ ಶಿಕ್ಷಕರು ಮತ್ತು ತಾಂತ್ರಿಕ ಸಹಾಯಕರು
ಮಂಗಳೂರು – ಉಡುಪಿ